ಗಂಧಕ: ಗುಳಿಗೆಯಲ್ಲೋ, ರೊಟ್ಟಿಯಲ್ಲೋ?

ಎಳ್ಳಮಾವಾಸ್ಯೆಯ ದಿನ ಕಲಬುರಗಿಯ ಅರ್ಧ ಜನ ಮನೆಯಲ್ಲಿರುವುದಿಲ್ಲ, ಹೊಲದಲ್ಲಿರುತ್ತಾರೆ. ನಾವೂ ಅಂದು ಹುಮನಾಬಾದ್ ರಸ್ತೆ ಹಿಡಿದು, ಸುಮಾರು 35 ಕಿ.ಮೀ. ದೂರದ ಕಮಲಾಪುರದ ಬಳಿ ಇರುವ ನಮ್ಮ ಕಾಕಾ ಅವರ ಹೊಲಕ್ಕೆ ಹೋಗಿದ್ದೆವು. ಕೆಂಪು ಬಾಳೆಗೆ ಹೆಸರಾದ ಊರು ಅದು. ಚರಗ ಚೆಲ್ಲಿ ಬಂದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿಯ ಊಟಕ್ಕೆ ಕುಳಿತಾಗ ನಿವೃತ್ತ ಶಿಕ್ಷಕರಾದ ಕಾಕಾ ಅಂಗಿಯ ಕಿಸೆಯಿಂದ ಒಂದು ಪ್ಲಾಸ್ಟಿಕ್ ಸೀಸೆ ತೆಗೆದರು.

"ಇದು ಗಂಧಕದ ಗುಳಿಗಿ. ದಿನಾ ಎರಡು ತಗೊಂಡ್ರ ಮೊಣಕಾಲು, ಕೂದಲಾ, ಚರ್ಮ ಎಲ್ಲಾ ಛಲೋ ಆಗ್ತದಂತ. ನೀ ಫಿಜಿಕ್ಸ್ ಮಾಸ್ತರ ಇದ್ದಿ, ಹೇಳು. ಖರೇನಾ, ಸುಳ್ಳಾ?"

ನಾನು ಯೋಚಿಸದೆ ಉತ್ತರಿಸಿದೆ: "ಕಾಕಾ, ಗಂಧಕ ಕಡ್ಡಿಪೆಟ್ಟಿಗಿಗಿ ಬೇಕು, ಪಟಾಕಿಗಿ ಬೇಕು. ಮನುಷ್ಯಾನ ಮೈಗಿ ಯಾಕ್ರಿ?"

ಅವರು ನಕ್ಕರು. "ಮೈಯಾಗ ಗಂಧಕ ಇಲ್ಲಂದ್ರ ಕೂದಲಾ ಸುಟ್ಟಾಗ ಆ ವಾಸನಿ ಎಲ್ಲಿಂದ ಬರ್ತದೋ?"

ಓದುಗರೇ, ಮೂವತ್ತು ವರ್ಷ ಹಳ್ಳಿಶಾಲೆಯಲ್ಲಿ ವಿಜ್ಞಾನ ಕಲಿಸಿದವರ ಮುಂದೆ ನಾನು ಸೋತಿದ್ದೆ. ಅವರ ಮಾತು ಸರಿ. 70 ಕಿ.ಗ್ರಾಂ ತೂಕದ ವಯಸ್ಕರ ದೇಹದಲ್ಲಿ ಸುಮಾರು 140 ಗ್ರಾಂ ಗಂಧಕವಿದೆ. ಹಾಗಾದರೆ ಗುಳಿಗೆಯೂ ಸರಿಯೇ? ಐದು ತಿಂಗಳ ಬಸುರಿಯಾದ ಸೊಸೆಗೂ ಅದೇ ಗುಳಿಗೆ ಕೊಡಬೇಕೆಂದು ಅವರು ಯೋಚಿಸಿದ್ದಾರೆಂದು ತಿಳಿದಾಗ, ಸರಿಯಾದ ಉತ್ತರ ಹುಡುಕುವುದು ನನಗೆ ಕರ್ತವ್ಯವಾಯಿತು. ಆ ಹುಡುಕಾಟದ ಕಥೆಯೇ ಈ ಲೇಖನ.

ಮಳಖೇಡದಿಂದ ಆರಂಭ

ಗಂಧಕವನ್ನು ಔಷಧವಾಗಿ ಬಳಸುವುದು ನಮ್ಮಲ್ಲಿ ಹೊಸದಲ್ಲ. ಭಾರತೀಯ ರಸಶಾಸ್ತ್ರದಲ್ಲಿ ಪಾರದಕ್ಕೆ, ಅಂದರೆ ಪಾದರಸಕ್ಕೆ ಮೊದಲ ಸ್ಥಾನ; ಅದರ ಜೊತೆಗಾರ ಗಂಧಕ. ಎರಡನ್ನೂ ಕಲ್ಬತ್ತಿನಲ್ಲಿ ಬಹಳ ಹೊತ್ತು ಅರೆದರೆ 'ಕಜ್ಜಳಿ' ಎಂಬ ಕಪ್ಪು ಪುಡಿ ದೊರೆಯುತ್ತದೆ. ಇಂದಿನ ರಸಾಯನವಿಜ್ಞಾನದ ಭಾಷೆಯಲ್ಲಿ ಅದು ಮರ್ಕ್ಯುರಿಕ್ ಸಲ್ಫೈಡು. 13ನೆಯ ಶತಮಾನದ ಸುಮಾರಿನ 'ರಸರತ್ನಸಮುಚ್ಚಯ' ಗಂಧಕವನ್ನು 'ಉಪರಸ'ಗಳ ಗುಂಪಿಗೆ ಸೇರಿಸಿ ಅದರ ಶುದ್ಧೀಕರಣದ ವಿಧಾನಗಳನ್ನು ಹೇಳುತ್ತದೆ. ಇಂಥ ಗ್ರಂಥಗಳನ್ನು ಆಧುನಿಕ ಜಗತ್ತಿಗೆ ಪರಿಚಯಿಸಿದವರು ಆಚಾರ್ಯ ಪ್ರಫುಲ್ಲಚಂದ್ರ ರಾಯ್. ಹಿಂದೂ ರಸಾಯನವಿಜ್ಞಾನದ ಚರಿತ್ರೆಯನ್ನು ಅವರು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು.

ನಮ್ಮ ಜಿಲ್ಲೆಗೂ ವೈದ್ಯಗ್ರಂಥಗಳ ಈ ಪರಂಪರೆಯಲ್ಲಿ ಪಾಲಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದವನೆಂದು ವಿದ್ವಾಂಸರು ಗುರುತಿಸುವ ಜೈನ ವೈದ್ಯ ಉಗ್ರಾದಿತ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ಗ್ರಂಥ ರಚಿಸಿದ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಅದರ ವೈಶಿಷ್ಟ್ಯ. ಅದರ ಕೊನೆಗೆ ಸೇರಿರುವ 'ಹಿತಾಹಿತ' ಎಂಬ ಭಾಗ ಮಾಂಸಾಹಾರ ಅನಗತ್ಯವೆಂದು ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವೆಂದು ಹೇಳಿಕೊಳ್ಳುತ್ತದೆ.

ಗಂಧಕದ ಕಥೆಗೂ ಈ ವಾದಕ್ಕೂ ಏನು ಸಂಬಂಧ ಎನ್ನುವಿರಾ? ಸಂಬಂಧವಿದೆ. ಮಾಂಸ, ಮೊಟ್ಟೆಗಳಿಲ್ಲದ ಊಟದಲ್ಲಿ ದೇಹ ಕಟ್ಟುವ ಸಾಮಗ್ರಿ ಸಾಕಷ್ಟು ಸಿಗುತ್ತದೆಯೇ ಎಂಬ ಪ್ರಶ್ನೆಗೆ 20ನೆಯ ಶತಮಾನದ ವಿಜ್ಞಾನ ಉತ್ತರ ಹುಡುಕಿದಾಗ, ಆ ಉತ್ತರದ ಒಂದು ಮುಖ್ಯ ಕೊಂಡಿ ಗಂಧಕವೇ ಆಗಿತ್ತು.

ಕಾಕಂಬಿಯಲ್ಲಿ ಕದಡಿದ ಗಂಧಕ

ಯೂರೋಪಿನಲ್ಲೂ ಗಂಧಕ ಮನೆಮದ್ದಾಗಿತ್ತು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಂಧಕದ ಪುಡಿಯನ್ನು ಕಾಕಂಬಿಯಲ್ಲಿ ಕದಡಿ ಮಕ್ಕಳಿಗೆ ಕುಡಿಸುವ ರೂಢಿಯಿತ್ತು. 'ರಕ್ತಶುದ್ಧಿ' ಅದರ ಉದ್ದೇಶ. ಚಾರ್ಲ್ಸ್ ಡಿಕನ್ಸ್ 1838-39ರಲ್ಲಿ ಬರೆದ 'ನಿಕೊಲಸ್ ನಿಕ್ಲ್‌ಬಿ' ಕಾದಂಬರಿಯಲ್ಲಿ ವಸತಿಶಾಲೆಯ ಒಡತಿ ಹುಡುಗರಿಗೆ ಇದನ್ನು ಚಮಚದಲ್ಲಿ ಕುಡಿಸುವ ಪ್ರಸಂಗವಿದೆ. ಅದು ಆರೋಗ್ಯಕ್ಕಲ್ಲ, ಹಸಿವು ಕುಂದಿಸಿ ಊಟದ ಖರ್ಚು ಉಳಿಸಲಿಕ್ಕೆ!

ಈ ಮದ್ದು ನಿಜವಾಗಿ ಮಾಡುತ್ತಿದ್ದುದೇನು? ಧಾತುರೂಪದ ಗಂಧಕ ನೀರಿನಲ್ಲಿ ಕರಗುವುದಿಲ್ಲ. ನುಂಗಿದ ಗಂಧಕದ ಒಂದು ಪಾಲನ್ನು ಕರುಳಿನ ಬ್ಯಾಕ್ಟೀರಿಯಗಳು ಹೈಡ್ರೊಜನ್ ಸಲ್ಫೈಡಾಗಿ ಮಾರ್ಪಡಿಸುತ್ತವೆ. ಕರುಳು ಕೆರಳುತ್ತದೆ, ಭೇದಿಯಾಗುತ್ತದೆ. ಹೊಟ್ಟೆ ಖಾಲಿಯಾದುದನ್ನೇ ಜನ ರಕ್ತಶುದ್ಧಿ ಎಂದು ಭಾವಿಸಿದರು. ಚರ್ಮದ ಮೇಲಿನ ಕಥೆ ಬೇರೆ. ಕಜ್ಜಿಗೆ ಗಂಧಕದ ಮುಲಾಮು ಹಚ್ಚುವುದು ನಿಜಕ್ಕೂ ಫಲ ಕೊಡುವ ಚಿಕಿತ್ಸೆ. ಅದು ಕಜ್ಜಿಯ ನುಸಿಯನ್ನು ಕೊಲ್ಲುತ್ತದೆ. ಹೊರಗೆ ಹಚ್ಚಿ ಗುಣ ಕಂಡದ್ದನ್ನು ಒಳಗೆ ನುಂಗಿದರೂ ಗುಣವಾಗುತ್ತದೆಂದು ನಂಬಿದ್ದು ತಪ್ಪು.

ಗಂಧಕ ಒಂದು ಧಾತು ಎಂದು ಲಾವಾಸ್ಯೆ ಪ್ರತಿಪಾದಿಸಿದ್ದು 1777ರಲ್ಲಿ. ಅದು ಜೀವಿಗಳ ದೇಹದಲ್ಲಿ ಯಾವ ರೂಪದಲ್ಲಿದೆ ಎಂಬುದರ ಸುಳಿವು 1810ರಲ್ಲಿ ದೊರೆಯಿತು. ಇಂಗ್ಲೆಂಡಿನ ವಾಲಸ್ಟನ್ ಮೂತ್ರಕೋಶದ ಒಂದು ಕಲ್ಲಿನಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ. ಅದೇ ಇಂದಿನ ಸಿಸ್ಟೀನ್ ಜೋಡಿ, 'ಸಿಸ್ಟಿನ್'. ಆದರೆ ಅದರಲ್ಲಿ ಗಂಧಕವಿದೆಯೆಂಬುದು ಗೊತ್ತಾಗಲು ಇನ್ನೂ ದಶಕಗಳು ಬೇಕಾದವು.

ಇಲಿಗಳು ಕೊಟ್ಟ ಸಾಕ್ಷ್ಯ

1915ರಲ್ಲಿ ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಹಾಲಿನ ಪ್ರೋಟೀನಾದ ಕೇಸೀನನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಅವುಗಳ ಬೆಳವಣಿಗೆ ಕುಂಠಿತವಾಯಿತು. ಅದಕ್ಕೆ ಚಿಟಿಕೆಯಷ್ಟು ಸಿಸ್ಟಿನ್ ಸೇರಿಸಿದೊಡನೆ ಇಲಿಗಳು ಬೆಳೆದವು. ಹಾಗಾದರೆ ಸಿಸ್ಟಿನ್ ಅತ್ಯಗತ್ಯ ಎಂದು ತೋರಿತು. 1922ರಲ್ಲಿ ಮುಲ್ಲರ್ ಎಂಬ ಬ್ಯಾಕ್ಟೀರಿಯ ವಿಜ್ಞಾನಿ ಗಂಧಕವಿರುವ ಇನ್ನೊಂದು ಅಮೈನೋ ಆಮ್ಲವನ್ನು ಕಂಡುಹಿಡಿದ. ಅದರ ರಚನೆಯನ್ನು 1928ರಲ್ಲಿ ಬಾರ್ಜರ್ ಮತ್ತು ಕಾಯ್ನ್ ನಿರ್ಧರಿಸಿದರು, ಅದು ಮೆಥಿಯೊನೀನ್. ಮುಂದೆ 1937ರಲ್ಲಿ ವಿಲಿಯಂ ರೋಸ್ ಮತ್ತು ಸಂಗಡಿಗರು ಚಿತ್ರವನ್ನು ಸ್ಪಷ್ಟಗೊಳಿಸಿದರು. ಮೆಥಿಯೊನೀನ್ ಇದ್ದರೆ ಸಿಸ್ಟಿನ್ ಇಲ್ಲದೆಯೂ ಇಲಿ ಬೆಳೆಯುತ್ತದೆ; ಮೆಥಿಯೊನೀನ್ ಇಲ್ಲದಿದ್ದರೆ ಎಷ್ಟು ಸಿಸ್ಟಿನ್ ಕೊಟ್ಟರೂ ಬೆಳೆಯುವುದಿಲ್ಲ.

ಮೆಥಿಯೊನೀನಿನಿಂದ ದೇಹವೇ ಸಿಸ್ಟಿನ್ ತಯಾರಿಸುತ್ತಿದೆಯೇ? ಇಲ್ಲಿ ಭೌತವಿಜ್ಞಾನ ನೆರವಿಗೆ ಬಂತು. ಲಾರೆನ್ಸ್ ಅವರ ಸೈಕ್ಲೊಟ್ರಾನ್ ಇದ್ದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಟಾರ್ವರ್ ಮತ್ತು ಸ್ಮಿಟ್ 1939ರಲ್ಲಿ ಗಂಧಕ-35 ಎಂಬ ವಿಕಿರಣಪಟು ಸಮಸ್ಥಾನಿಯಿರುವ ಮೆಥಿಯೊನೀನನ್ನು ಇಲಿಗಳಿಗೆ ಕೊಟ್ಟರು. ಈ ಸಮಸ್ಥಾನಿಯ ಅರ್ಧಾಯು ಸುಮಾರು 87 ದಿನ. ಅದು ಹೊರಸೂಸುವ ಬೀಟಾ ಕಣಗಳೇ ಅದರ ವಿಳಾಸ ಹೇಳುತ್ತವೆ. ಇಲಿಗಳ ಪ್ರೋಟೀನಿನಿಂದ ಬೇರ್ಪಡಿಸಿದ ಸಿಸ್ಟಿನ್‌ನಲ್ಲಿ ಆ ವಿಕಿರಣ ಕಂಡುಬಂತು. ಗಂಧಕ ಮೆಥಿಯೊನೀನಿನಿಂದ ಸಿಸ್ಟಿನ್‌ಗೆ ದಾಟಿತ್ತು! ಇದೇ ಗಂಧಕ-35 ಅನ್ನು 1952ರಲ್ಲಿ ಹರ್ಷಿ ಮತ್ತು ಚೇಸ್ ಪ್ರೋಟೀನಿಗೆ ಗುರುತು ಹಾಕಲು, ರಂಜಕ-32 ಅನ್ನು ಡಿಎನ್‌ಎಗೆ ಗುರುತು ಹಾಕಲು ಬಳಸಿದ್ದನ್ನು ನೀವು ಪಿಯುಸಿ ಪಠ್ಯದಲ್ಲಿ ಓದಿರುತ್ತೀರಿ. ಪ್ರೋಟೀನಿನಲ್ಲಿ ಗಂಧಕವಿದೆ, ಡಿಎನ್‌ಎಯಲ್ಲಿ ಇಲ್ಲ. ಆ ಪ್ರಯೋಗದ ಜೀವಾಳವೇ ಅದು.

ಗಂಧಕದ ಜೀವರಾಸಾಯನಿಕ ಸಂಯುಕ್ತಗಳ ಮೇಲಿನ ಸಂಶೋಧನೆಗಾಗಿ ವಿನ್ಸೆಂಟ್ ಡು ವಿನ್ಯೋ 1955ರ ನೊಬೆಲ್ ಪಾರಿತೋಷಕ ಪಡೆದರು. ಇನ್ಸುಲಿನ್ನಿನ ಎರಡು ಸರಪಳಿಗಳನ್ನು ಹಿಡಿದಿಟ್ಟಿರುವುದು ಗಂಧಕ-ಗಂಧಕ ಬಂಧ. ಕೂದಲಿಗೆ ಗಟ್ಟಿತನ ಕೊಡುವುದೂ ಅದೇ. ಬಿ1 ಜೀವಸತ್ವ ಥಯಮಿನ್‌ನ ಹೆಸರಿನಲ್ಲೇ ಗಂಧಕವಿದೆ.

ಈ ಎಲ್ಲ ಸಂಶೋಧನೆಯ ಸಾರವನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಸಸ್ಯಗಳು ಮತ್ತು ಅನೇಕ ಸೂಕ್ಷ್ಮಜೀವಿಗಳು ಮಣ್ಣಿನ ಸಲ್ಫೇಟನ್ನು ಅಪಕರ್ಷಿಸಿ ಮೆಥಿಯೊನೀನ್ ತಯಾರಿಸಬಲ್ಲವು. ಮನುಷ್ಯನ ಜೀವಕೋಶ ತಯಾರಿಸಲಾರದು. ಹಸುವಿನ ಮೆಲುಕುಚೀಲದಲ್ಲಿ ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿವೆ, ಆದ್ದರಿಂದ ಅದರ ಲೆಕ್ಕ ಬೇರೆ. ನಮಗೆ ಗಂಧಕ ಬೇಕು, ಆದರೆ ಸಿದ್ಧ ಅಮೈನೋ ಆಮ್ಲದ ರೂಪದಲ್ಲೇ ಬೇಕು. ಮನೆಯಲ್ಲಿ ಹತ್ತಿಯ ಮೂಟೆ ಇದ್ದ ಮಾತ್ರಕ್ಕೆ ಧೋತರ ಉಟ್ಟಂತಾಗುವುದಿಲ್ಲ. ನಡುವೆ ಮಗ್ಗ ಬೇಕು. ಆ ಮಗ್ಗ ಇರುವುದು ಗಿಡದಲ್ಲಿ.

ಹೆಸರು ಒಂದೇ, ವಸ್ತು ಬೇರೆ

ಗೊಂದಲಕ್ಕೆ ಇನ್ನೊಂದು ಕಾರಣ 'ಸಲ್ಫಾ' ಔಷಧಗಳು. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ್ರವ್ಯ ಸೋಂಕು ನಿವಾರಿಸುತ್ತದೆಂದು ಪ್ರಕಟಿಸಿದರು; 1939ರ ನೊಬೆಲ್ ಅವರಿಗೆ ಸಂದಿತು. ಅದೇ 1935ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಅದರ ಸಕ್ರಿಯ ಭಾಗ ಸಲ್ಫನಿಲಮೈಡ್ ಎಂದು ತೋರಿಸಿದರು. ಪ್ರತಿಜೀವಕಗಳು ಬರುವ ಮುನ್ನ ಅಸಂಖ್ಯ ಜೀವ ಉಳಿಸಿದ ಔಷಧವಿದು. ಆದರೆ ಅದು ದೇಹಕ್ಕೆ ಗಂಧಕ ಪೂರೈಸಿ ಗುಣಪಡಿಸಲಿಲ್ಲ. ಬ್ಯಾಕ್ಟೀರಿಯಗಳಿಗೆ ಬೇಕಾದ ಒಂದು ಅಣುವಿನ ಆಕಾರವನ್ನೇ ಹೋಲುವುದರಿಂದ ಅವುಗಳಿಗೆ ಮೋಸ ಮಾಡಿತು, ಅಷ್ಟೆ. ಇದು 1940ರಲ್ಲಿ ತಿಳಿದುಬಂತು.

1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರಾವಕದಲ್ಲಿ ಕರಗಿಸಿ ಸಿಹಿ ಔಷಧವಾಗಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ಮಕ್ಕಳೂ ಬಹಳ. ಮಾರುವ ಮುನ್ನ ಸುರಕ್ಷತೆ ಪರೀಕ್ಷಿಸಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂದದ್ದು ಈ ದುರಂತದ ನಂತರವೇ. ಸೀಸೆಯ ಮೇಲಿನ ಹೆಸರನ್ನಷ್ಟೇ ನೋಡಿ ನಂಬಬಾರದೆಂಬುದಕ್ಕೆ ಇದು ಎಚ್ಚರಿಕೆ.

'ನನಗೆ ಸಲ್ಫಾ ಅಲರ್ಜಿ, ಹಾಗಾಗಿ ಬೆಳ್ಳುಳ್ಳಿ, ಮೊಟ್ಟೆ ತಿನ್ನುವುದಿಲ್ಲ' ಎನ್ನುವವರನ್ನೂ ಕಂಡಿದ್ದೇನೆ. ಅಲರ್ಜಿ ಆ ಔಷಧದ ಅಣುವಿಗೆ ಸಂಬಂಧಿಸಿದ್ದು, ಗಂಧಕದ ಪರಮಾಣುವಿಗಲ್ಲ. ಗಂಧಕಕ್ಕೇ ಅಲರ್ಜಿಯಿದ್ದರೆ ನಮ್ಮ ಕೂದಲೇ ನಮಗೆ ಆಗುತ್ತಿರಲಿಲ್ಲ!

ಸೀಸೆಯ ಲೆಕ್ಕ, ತಾಟಿನ ಲೆಕ್ಕ

ಕಾಕಾ ಅವರ ಸೀಸೆಯಲ್ಲಿದ್ದುದು ಎಂಎಸ್ಎಂ, ಅಂದರೆ ಮೀಥೈಲ್ ಸಲ್ಫೊನೈಲ್ ಮೀಥೇನ್. ಒಂದು ಗುಳಿಗೆಯಲ್ಲಿ 1 ಗ್ರಾಂ. ಅದರ ಅಣುತೂಕ 94, ಗಂಧಕದ ಪರಮಾಣು ತೂಕ 32. ಆದ್ದರಿಂದ ಗುಳಿಗೆಯಲ್ಲಿ ಸುಮಾರು 340 ಮಿ.ಗ್ರಾಂ ಗಂಧಕ.

ಈಗ ತಾಟಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿ.ಗ್ರಾಂ ದೇಹತೂಕಕ್ಕೆ ಮೆಥಿಯೊನೀನ್, ಸಿಸ್ಟೀನ್ ಎರಡೂ ಸೇರಿ ಸರಾಸರಿ 15 ಮಿ.ಗ್ರಾಂ ಬೇಕು. 60 ಕಿ.ಗ್ರಾಂ ತೂಕದವರಿಗೆ 900 ಮಿ.ಗ್ರಾಂ. ನಮ್ಮ ಭಾಗದ ಸಾದಾ ಊಟದಲ್ಲಿ ಎಷ್ಟಿದೆ? 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗಳಲ್ಲಿ ಸುಮಾರು 740 ಮಿ.ಗ್ರಾಂ, 60 ಗ್ರಾಂ ತೊಗರಿಬೇಳೆಯಲ್ಲಿ 300, ಕಾಲು ಲೀಟರ್ ಹಾಲು ಅಥವಾ ಮೊಸರಿನಲ್ಲಿ 250, 30 ಗ್ರಾಂ ಶೇಂಗಾದಲ್ಲಿ 190. ಒಟ್ಟು 1480 ಮಿ.ಗ್ರಾಂ. ಇದರಲ್ಲಿ ಮುಕ್ಕಾಲು ಪಾಲು ಮಾತ್ರ ಜೀರ್ಣವಾಯಿತೆಂದರೂ 1110 ಮಿ.ಗ್ರಾಂ ದೇಹಕ್ಕೆ ಸೇರುತ್ತದೆ. ಬೇಕಾದುದಕ್ಕಿಂತ ಹೆಚ್ಚೇ!

ಇಲ್ಲೊಂದು ಸೊಗಸಿದೆ. ತೊಗರಿಯ ಪ್ರೋಟೀನಿನಲ್ಲಿ ಲೈಸೀನ್ ಸಮೃದ್ಧ, ಗಂಧಕದ ಅಮೈನೋ ಆಮ್ಲ ಕಡಿಮೆ. ಜೋಳದಲ್ಲಿ ಇದರ ತಿರುಗುಮುರುಗು. ಎರಡನ್ನೂ ಕೂಡಿಸಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಿನಲ್ಲಿ ಮೆಥಿಯೊನೀನ್ ವಿಶೇಷವಾಗಿ ಹೆಚ್ಚು. ಎಳ್ಳು ಹಚ್ಚಿದ ರೊಟ್ಟಿಗೆ ಬೇಳೆ ಹಚ್ಚಿಕೊಂಡು ತಿನ್ನುವ ರೂಢಿ ಯಾವ ಪೋಷಣವಿಜ್ಞಾನಿಗೂ ಒಪ್ಪುವಂಥದು. ಉಗ್ರಾದಿತ್ಯನ ವಾದಕ್ಕೆ ಅವನಿಗೆ ಗೊತ್ತಿರದಿದ್ದ ಆಧಾರವೊಂದು ಅವನ ರಾಜಧಾನಿಯ ಸುತ್ತಲಿನ ಹೊಲಗಳಲ್ಲೇ ಇತ್ತು. ಆದರೆ ಕಮಲಾಪುರದ ಕೆಂಪು ಬಾಳೆ ಎಷ್ಟೇ ರುಚಿಯಾಗಿದ್ದರೂ ಈ ಲೆಕ್ಕಕ್ಕೆ ಬಾರದು. 100 ಗ್ರಾಂ ಬಾಳೆಹಣ್ಣಿನಲ್ಲಿ ಪ್ರೋಟೀನು ಸುಮಾರು 1 ಗ್ರಾಂ ಮಾತ್ರ.

1480 ಮಿ.ಗ್ರಾಂ ಅಮೈನೋ ಆಮ್ಲದಲ್ಲಿರುವ ಗಂಧಕ ಸುಮಾರು 350 ಮಿ.ಗ್ರಾಂ. ಒಂದು ಗುಳಿಗೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ತಕ್ಕಡಿಯಲ್ಲಿ ಎರಡೂ ಸಮ! ಮಾರುವವರ ಜಾಹೀರಾತು ಈ ಸಮತೆಯನ್ನೇ ತೋರಿಸುತ್ತದೆ. ಆದರೆ ದೇಹಕ್ಕೆ ತೂಕ ಮುಖ್ಯವಲ್ಲ, ರೂಪ ಮುಖ್ಯ. ಗಂಧಕ-35ರಿಂದ ಗುರುತು ಮಾಡಿದ ಎಂಎಸ್ಎಂ ಅನ್ನು ಇಲಿಗಳಿಗೆ ಕೊಟ್ಟು ನೋಡಿದ 2007ರ ಅಧ್ಯಯನದಲ್ಲಿ ಅದರ ಬಹುಪಾಲು ಮೂತ್ರದಲ್ಲಿ ಹೊರಬಿತ್ತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಮೊಣಕಾಲ ಸಂಧಿವಾತವಿದ್ದ 50 ಜನರ ಮೇಲೆ 12 ವಾರ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಎಸ್ಎಂ ಪಡೆದವರ ನೋವು ಅಲ್ಪಸ್ವಲ್ಪ ಕಡಿಮೆಯಾಗಿತ್ತು. ಅದು ಸಣ್ಣ ಪ್ರಯೋಗ, ಸಣ್ಣ ಫಲ, ಒಂದೇ ರೋಗ. ಅದರಿಂದ 'ಎಲ್ಲರ ಆರೋಗ್ಯಕ್ಕೂ ಒಳ್ಳೆಯದು' ಎಂದು ತೀರ್ಮಾನಿಸಲಾಗದು. ಬಸುರಿಯರಿಗೆ ಅದು ಸುರಕ್ಷಿತವೆಂದು ಸಿದ್ಧಪಟ್ಟಿಲ್ಲ. ಇಂಥ ಪೂರಕಗಳ ಚೀಟಿಯ ಮೇಲೆ ಅವು ಔಷಧಿಯಾಗಿ ಬಳಸಲು ಅಲ್ಲ ಎಂದು ಮುದ್ರಿಸಬೇಕೆಂಬ ನಿಯಮ 2016ರಲ್ಲೇ ನಮ್ಮಲ್ಲಿ ಬಂದಿದೆ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ಓದಬೇಕು. ಕೃಷಿ ಅಂಗಡಿಯಲ್ಲಿ ಸಿಗುವ ಗಂಧಕದ ಪುಡಿ ಶಿಲೀಂಧ್ರನಾಶಕ. ಅದನ್ನಂತೂ ಯಾರೂ ನುಂಗಬಾರದು.

ಗಂಧಕ ಬೇಕಾದದ್ದು ಯಾರಿಗೆ?

ಈ ಲೆಕ್ಕವನ್ನೆಲ್ಲ ಬರೆದುಕೊಂಡು ನಾನು ಮತ್ತೆ ಕಮಲಾಪುರಕ್ಕೆ ಹೋದೆ. ಕಾಕಾ ಶಾಂತವಾಗಿ ಕೇಳಿದರು. ಆಮೇಲೆ ಗೋಡೆಯ ಗೂಡಿನಿಂದ ಮಡಚಿದ ಒಂದು ಕಾಗದ ತೆಗೆದರು. ಅವರ ತೊಗರಿ ಹೊಲದ ಮಣ್ಣು ಪರೀಕ್ಷೆಯ ಚೀಟಿ. ಗಂಧಕದ ಎದುರು 'ಕೊರತೆ' ಎಂದು ಬರೆದಿತ್ತು. ಗುಳಿಗೆಯ ಸೀಸೆ ಕಿಸೆಯಲ್ಲಿ, ಹೊಲದ ಚೀಟಿ ಗೂಡಿನಲ್ಲಿ!

ಇದು ಅವರ ಒಂದು ಹೊಲದ ಕಥೆಯಲ್ಲ. 2009ರಲ್ಲಿ ಕರ್ನಾಟಕ ಸರ್ಕಾರ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ 'ಭೂಚೇತನ' ಯೋಜನೆಯಲ್ಲಿ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದಾಗ, ಮಳೆಯಾಶ್ರಿತ ಜಮೀನುಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿರುವುದು ಕಂಡುಬಂತು. ಕಾರಣಗಳಲ್ಲಿ ಒಂದು ನಮ್ಮ ಗೊಬ್ಬರದ ಚೀಲದಲ್ಲೇ ಇದೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಜೊತೆ ಸುಮಾರು ಶೇ. 11ರಷ್ಟು ಗಂಧಕವೂ ಇರುತ್ತದೆ, ಡಿಎಪಿಯಲ್ಲಿ ಗಂಧಕವಿಲ್ಲ. ಚೀಲ ಬದಲಾಯಿತು, ಗಂಧಕ ಸದ್ದಿಲ್ಲದೆ ತಪ್ಪಿಹೋಯಿತು. ತಿಪ್ಪೆಗೊಬ್ಬರ ಕಡಿಮೆಯಾದದ್ದೂ ಇನ್ನೊಂದು ಕಾರಣ.

ತೊಗರಿಗೆ ಗಂಧಕ ಎರಡು ರೀತಿಯಲ್ಲಿ ಬೇಕು. ಕಾಳಿನ ಪ್ರೋಟೀನಿಗೆ ಬೇಕು. ಬೇರುಗಂಟಿನಲ್ಲಿ ಗಾಳಿಯ ನೈಟ್ರೊಜನ್ ಹಿಡಿಯುವ ನೈಟ್ರೊಜನೇಸ್ ಕಿಣ್ವದ ಹೃದಯವೂ ಕಬ್ಬಿಣ-ಗಂಧಕದ ಗೊಂಚಲೇ. ಗಂಧಕ ಕಡಿಮೆಯಾದರೆ ಗಿಡದ ಎಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ನೈಟ್ರೊಜನ್ ಕಡಿಮೆಯಾದರೆ ಹಳೆಯ ಎಲೆಗಳು. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಹೊಲದಲ್ಲೇ ನೋಡಿ ಕಲಿಯಬಹುದು.

ಪರಿಹಾರ ದುಬಾರಿಯಲ್ಲ. ಜಿಪ್ಸಂ ಎಂದರೆ ನೀರುಸಹಿತ ಕ್ಯಾಲ್ಸಿಯಂ ಸಲ್ಫೇಟು. ಶುದ್ಧವಾಗಿದ್ದರೆ ಅದರಲ್ಲಿ ಶೇ. 18.6 ಗಂಧಕ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ಇದೇ ಜಿಪ್ಸಂ ಬರುತ್ತದೆ. ಸಿಮೆಂಟು ಬೇಗ ಗಟ್ಟಿಯಾಗದಂತೆ ತಡೆಯಲು ಅದನ್ನು ಬೆರೆಸುತ್ತಾರೆ. ಎಷ್ಟು ಹಾಕಬೇಕೆಂಬುದನ್ನು ಮಣ್ಣಿನ ಚೀಟಿ ನೋಡಿ ರೈತ ಸಂಪರ್ಕ ಕೇಂದ್ರದವರು ಹೇಳುತ್ತಾರೆ.

ಆ ಮುಂಗಾರಿನಲ್ಲಿ ಕಾಕಾ ಹೊಲಕ್ಕೆ ಜಿಪ್ಸಂ ಹಾಕಿಸಿದರು. ಸೀಸೆ ಖಾಲಿಯಾದ ಮೇಲೆ ಹೊಸದು ತರಲಿಲ್ಲ. ಆ ಹಣದಲ್ಲಿ ಸೊಸೆಗೆ ದಿನಾ ಅರ್ಧ ಲೀಟರ್ ಹಾಲು ಹೆಚ್ಚಿಗೆ ಬಂತು. ಮೊಣಕಾಲು ನೋವು ಹಾಗೇ ಇತ್ತು. ಅದಕ್ಕೆ ಕಲಬುರಗಿಗೆ ಬಂದು ವೈದ್ಯರಿಗೆ ತೋರಿಸಿದರು. ಈಗ ಅವರು ಹೇಳಿದ ವ್ಯಾಯಾಮ ಮಾಡುತ್ತಾರೆ. ಹಣವಿದ್ದವರು ಗುಳಿಗೆಗೆ ಖರ್ಚು ಮಾಡಿದರೆ ನಷ್ಟ ಕಿಸೆಗಷ್ಟೆ. ಬೇಳೆ, ಹಾಲು ಸಾಲದ ಮನೆಯಲ್ಲಿ ಅದೇ ಹಣ ಗುಳಿಗೆಗೆ ಹೋದರೆ ನಷ್ಟ ಮಕ್ಕಳ ಮೈಗೆ.

ಶಿಕ್ಷಕ ಮಿತ್ರರಿಗೆ ಒಂದು ಸೂಚನೆ. ಒಂದು ಮೊಟ್ಟೆಯನ್ನು ಇಪ್ಪತ್ತು ನಿಮಿಷ ಕುದಿಸಿ ಕತ್ತರಿಸಿ ತೋರಿಸಿ. ಹಳದಿಯ ಸುತ್ತ ಹಸಿರು-ಬೂದು ಬಳೆ ಕಾಣುತ್ತದೆ. ಬಿಳಿಯ ಭಾಗದ ಗಂಧಕ ಹೈಡ್ರೊಜನ್ ಸಲ್ಫೈಡಾಗಿ ಹೊರಟು, ಹಳದಿಯ ಕಬ್ಬಿಣದೊಡನೆ ಸೇರಿ ಆದ ಕಬ್ಬಿಣದ ಸಲ್ಫೈಡು ಅದು. ಆಮೇಲೆ ಮಕ್ಕಳಿಗೆ ಕೇಳಿ: ಈ ಗಂಧಕ ಕೋಳಿಗೆ ಎಲ್ಲಿಂದ ಬಂತು? ಕಾಳಿನಿಂದ. ಕಾಳಿಗೆ? ಮಣ್ಣಿನಿಂದ. ಮಣ್ಣಿಗೆ? ಆ ಕೊನೆಯ ಪ್ರಶ್ನೆಗೆ ಉತ್ತರವಾಗಿ, ಅವರವರ ಮನೆಯ ಹೊಲದ ಮಣ್ಣು ಪರೀಕ್ಷೆಯ ಚೀಟಿಯನ್ನು ಮರುದಿನ ತರಲು ಹೇಳಿ.